ಡೈರಿಯಲ್ಲಿ ಹಾಲಿಗೆ ಲೆಕ್ಕವಿದೆ, ಕರುವಿನ ಹೊಕ್ಕುಳಿಗೂ ಇರಲಿ

ಗ್ರಾಮ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಒಬ್ಬ ಪಶುವೈದ್ಯೆಯ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ನಿರ್ದೇಶಕರೇ, ಕಾರ್ಯದರ್ಶಿಗಳೇ, ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೈರಿಗೆ ಬರುವ ಸದಸ್ಯ ಬಂಧುಗಳೇ,



ನಿಮ್ಮ ಸಂಘದಲ್ಲಿ ಹಾಲಿಗೆ ಸಂಬಂಧಪಟ್ಟ ಎಲ್ಲದಕ್ಕೂ ಲೆಕ್ಕವಿದೆ. ಯಾರ ಮನೆಯಿಂದ ಎಷ್ಟು ಲೀಟರ್ ಬಂತು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ಪಶು ಆಹಾರದ ಬಾಬ್ತು ಬಟವಾಡೆಯಲ್ಲಿ ಎಷ್ಟು ಹಿಡಿದರು ಎಂದು ಕೇಳಿದರೆ ನಿಂತ ಕಾಲಲ್ಲೇ ಹೇಳುತ್ತೀರಿ. ಹಸು ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಗಬ್ಬ ನಿಂತಿದೆಯೋ ಇಲ್ಲವೋ ಎಂದು ನೋಡಿಸಿದ ದಿನ ಕೂಡ ಎಷ್ಟೋ ಕಡೆ ಪುಸ್ತಕದಲ್ಲಿ ಸಿಗುತ್ತದೆ. ಆದರೆ ಅಷ್ಟೆಲ್ಲ ಮಾಡಿ, ಒಂಬತ್ತು ತಿಂಗಳು ಕಾದು ಪಡೆದ ಕರು ಹುಟ್ಟಿದ ಮೇಲೆ ಏನಾಯಿತು? ಬದುಕಿತೋ ಸತ್ತಿತೋ? ನಾನು ನೋಡಿದ ಬಹುಪಾಲು ಸಂಘಗಳಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ನಾನು ಹಳ್ಳಿ ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಎಳೆಗರುಗಳ ಬಗ್ಗೆ ಬರುವ ಕರೆಗಳಲ್ಲಿ ಒಂದು ಬಗೆಯದ್ದು ಪದೇ ಪದೇ ಬರುತ್ತದೆ. "ಮೇಡಂ, ಕರು ಹತ್ತು ದಿನದ್ದು, ಚೆನ್ನಾಗೇ ಇತ್ತು, ನಿನ್ನೆಯಿಂದ ಕಾಲು ಊರ್ತಿಲ್ಲ, ಎಲ್ಲೋ ಉಳುಕಿರಬೇಕು." ಇಲ್ಲವಾದರೆ, "ಹಾಲಿಗೆ ಬಾಯಿ ಹಾಕ್ತಿಲ್ಲ, ಯಾರದೋ ದೃಷ್ಟಿ ತಾಗಿದೆ." ಹೋಗಿ ನೋಡಿದರೆ ಉಳುಕೂ ಅಲ್ಲ, ದೃಷ್ಟಿಯೂ ಅಲ್ಲ. ಹೊಟ್ಟೆಯ ಕೆಳಗೆ ಕೈ ಹಾಕಿದ ಕೂಡಲೇ ಕಾರಣ ಸಿಗುತ್ತದೆ. ಹೊಕ್ಕುಳಲ್ಲಿ ಕೀವು ತುಂಬಿರುತ್ತದೆ.

ಈ ಪತ್ರದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹೊಕ್ಕುಳು ಬಾವನ್ನು ಆಸ್ಪತ್ರೆಯಲ್ಲಿ ಗುಣಪಡಿಸುವುದು ಕಷ್ಟ, ಕೊಟ್ಟಿಗೆಯಲ್ಲಿ ತಡೆಯುವುದು ಸುಲಭ. ತಡೆಯಲು ಸಿಗುವುದು ಕರು ಹುಟ್ಟಿದ ಮೊದಲ ಗಂಟೆ. ಆ ಹೊತ್ತಿಗೆ ಅಲ್ಲಿ ಡಾಕ್ಟರು ಇರುವುದಿಲ್ಲ, ನಿಮ್ಮ ಸದಸ್ಯರು ಇರುತ್ತಾರೆ. ಅವರ ಕೈಗೆ ಔಷಧಿಯೂ ತಿಳಿವಳಿಕೆಯೂ ಮೊದಲೇ ತಲುಪಿರಬೇಕು. ಅದನ್ನು ತಲುಪಿಸುವ ಶಕ್ತಿ ಪ್ರತಿ ಹಳ್ಳಿಯಲ್ಲೂ ಇರುವುದು ಸಂಘಕ್ಕೆ ಮಾತ್ರ.

ಹೊಕ್ಕುಳಬಳ್ಳಿ ಹೊರಗಿನಿಂದ ನೋಡುವವರಿಗೆ ಜೋತುಬಿದ್ದ ಒಂದು ಎಳೆ, ನಾಲ್ಕು ದಿನಕ್ಕೆ ಒಣಗಿ ಬೀಳುವಂಥದ್ದು. ಆದರೆ ಹೊಟ್ಟೆಯೊಳಗೆ ಅದಕ್ಕೆ ಮೂರು ದಾರಿಗಳಿವೆ. ಒಂದು ರಕ್ತನಾಳ ಮುಂದಕ್ಕೆ ಹೋಗಿ ನೇರ ಯಕೃತ್ತನ್ನು ಸೇರುತ್ತದೆ. ಎರಡು ರಕ್ತನಾಳಗಳು ಹಿಂದಕ್ಕೆ ಸೊಂಟದ ಕಡೆ ಸಾಗುತ್ತವೆ. ಅವುಗಳ ನಡುವೆ ಇನ್ನೊಂದು ನಾಳ ಮೂತ್ರಕೋಶದ ತುದಿಯಿಂದ ಬರುತ್ತದೆ. ಗರ್ಭದಲ್ಲಿದ್ದಾಗ ಕರುವಿನ ಮೂತ್ರ ಹೊರಹೋಗುತ್ತಿದ್ದುದು ಅದರ ಮೂಲಕ. ಕರು ಹುಟ್ಟಿ ಬಳ್ಳಿ ಹರಿದಾಗ ಈ ನಾಳಗಳು ಮುದುಡಿಕೊಂಡು ಕ್ರಮೇಣ ಮುಚ್ಚಿಹೋಗುತ್ತವೆ. ಹೊರಗೆ ಉಳಿದ ತುಂಡು ಮಾತ್ರ ಮೊದಲ ಒಂದೆರಡು ದಿನ ಹಸಿಯಾಗಿಯೇ ಇರುತ್ತದೆ. ಆ ಹಸಿ ತುಂಡು ಸಗಣಿ, ಗಂಜಲ, ಕೆಸರಿನ ಮೇಲೆ ಒರಗಿತೆಂದರೆ ರೋಗಾಣುಗಳು ಅದರಲ್ಲೇ ಬೆಳೆದು ಒಳಗೆ ನುಗ್ಗುತ್ತವೆ. ಯಕೃತ್ತಿಗೆ ಹೋದರೆ ಅಲ್ಲಿ ಕೀವುಗಡ್ಡೆ, ಮೂತ್ರಕೋಶದ ಕಡೆ ಹೋದರೆ ಅಲ್ಲಿ ಬಾವು, ರಕ್ತಕ್ಕೆ ಸೇರಿದರೆ ಇಡೀ ಮೈಗೆ ನಂಜು.

ರಕ್ತಕ್ಕೆ ಸೇರಿದ ರೋಗಾಣು ಎಳೆಗರುವಿನಲ್ಲಿ ಹೆಚ್ಚಾಗಿ ನೆಲೆ ನಿಲ್ಲುವುದು ಕೀಲುಗಳಲ್ಲಿ. ಮುಂಗಾಲಿನ ಮಂಡಿ, ಹಿಂಗಾಲಿನ ಮಂಡಿ, ಗೊರಸಿನ ಮೇಲಿನ ಗಿಣ್ಣು ಊದಿಕೊಳ್ಳುತ್ತವೆ. ಮುಟ್ಟಿದರೆ ಬಿಸಿ, ಮಡಚಿದರೆ ಕರು ನರಳುತ್ತದೆ. ಮನೆಯವರು ಉಳುಕು ಎಂದುಕೊಂಡು ಎಣ್ಣೆ ನೀವುವುದು ಈ ಊತಕ್ಕೇ. ಕೆಲವು ಕರುಗಳಲ್ಲಿ ರೋಗ ಮಿದುಳಿನ ಪೊರೆಗೂ ಕಣ್ಣಿಗೂ ಹೋಗುತ್ತದೆ. ಕತ್ತು ಸೆಟೆದು ಮಲಗಿದ ಕರುವನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ಕೀಲಿನೊಳಗಿನ ಮೃದ್ವಸ್ಥಿ ಒಮ್ಮೆ ಹಾಳಾದರೆ ಕರು ಬದುಕಿದರೂ ಕುಂಟಾಗಿಯೇ ಬೆಳೆಯುತ್ತದೆ. ಕಾಲಿಗೆ ಎಷ್ಟೇ ಎಣ್ಣೆ ತಿಕ್ಕಿ, ಎಷ್ಟೇ ಬರೆ ಎಳೆಯಿರಿ, ರೋಗ ಬಂದ ದಾರಿ ಕಾಲಲ್ಲ.

ಕರುವಿನ ಹೊಕ್ಕುಳನ್ನು ನೋಡುವ ಬಗೆಯನ್ನು ಹೇಳುತ್ತೇನೆ, ಇದಕ್ಕೆ ಯಾವ ಉಪಕರಣವೂ ಬೇಡ. ಕೈ ತೊಳೆದು, ಕರುವನ್ನು ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತುಕೊಳ್ಳಿ. ಎದೆಯ ಕಡೆಯಿಂದ ಕೈ ಜಾರಿಸುತ್ತ ಹೊಕ್ಕುಳಿಗೆ ಬನ್ನಿ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಅದನ್ನು ಮೆತ್ತಗೆ ಹಿಡಿಯಿರಿ. ವಾರದ ಕರುವಿನ ಆರೋಗ್ಯವಂತ ಹೊಕ್ಕುಳು ಸೀಸದ ಕಡ್ಡಿಯಷ್ಟು ದಪ್ಪ, ಒಣಗಿರುತ್ತದೆ, ಹಿಡಿದರೆ ಕರು ಸುಮ್ಮನಿರುತ್ತದೆ. ಬಾವು ಬಂದ ಹೊಕ್ಕುಳು ಹೆಬ್ಬೆರಳಿಗಿಂತ ದಪ್ಪ, ಬಿಸಿ, ತುದಿಯಲ್ಲಿ ಜಿಗುಟು, ಕೆಟ್ಟ ವಾಸನೆ. ಮುಟ್ಟುತ್ತಲೇ ಕರು ಹೊಟ್ಟೆ ಎಳೆದುಕೊಂಡು ಬೆನ್ನು ಬಗ್ಗಿಸುತ್ತದೆ, ಒದೆಯುತ್ತದೆ. ಬೆರಳನ್ನು ಇನ್ನಷ್ಟು ಮೇಲಕ್ಕೆ ಒತ್ತಿದಾಗ ಗಟ್ಟಿಯಾದ ಎಳೆಯೊಂದು ಯಕೃತ್ತಿನ ಕಡೆಗೋ ಹಿಂದಕ್ಕೋ ಸಾಗಿದ್ದು ಸಿಕ್ಕಿತೆಂದರೆ ಬಾವು ಒಳಕ್ಕೆ ಇಳಿದಿದೆ. ಹೊರಗೆ ಒಣಗಿ ಕಂಡು ಒಳಗೆ ಮಾತ್ರ ಕೊಳೆತಿರುವ ಹೊಕ್ಕುಳುಗಳೂ ಉಂಟು. ಕರು ಮಂಕಾಗಿ ಕಿವಿ ಜೋಲು ಬಿಟ್ಟು, ಹಾಲು ಬಿಟ್ಟು, ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಹೊಕ್ಕುಳು ಹೊರಗೆ ಹೇಗೇ ಕಾಣಲಿ, ಡಾಕ್ಟರನ್ನು ಕರೆಯಿರಿ. ಹೊಕ್ಕುಳಿಂದ ಮೂತ್ರ ಜಿನುಗುತ್ತಿದ್ದರೂ ಅಷ್ಟೇ. ಮೂತ್ರಕೋಶದ ನಾಳ ಮುಚ್ಚಿಕೊಂಡಿಲ್ಲ ಎಂದು ಅದರ ಅರ್ಥ.

ಇನ್ನು ತಡೆಯುವ ಕೆಲಸ. ಕರು ನೆಲಕ್ಕೆ ಬಿದ್ದು ಉಸಿರಾಡತೊಡಗಿದ ಮೇಲೆ ಬಳ್ಳಿ ಸಾಮಾನ್ಯವಾಗಿ ತಾನಾಗಿ ಹರಿಯುತ್ತದೆ. ಅದನ್ನು ಜಗ್ಗಿ ಕೀಳಬೇಡಿ. ಜಗ್ಗಿದರೆ ಒಳಗಿನ ನಾಳಗಳಿಗೂ ಹೊಟ್ಟೆಯ ಗೋಡೆಗೂ ಪೆಟ್ಟು. ಹರಿದ ತುದಿಯಿಂದ ರಕ್ತ ಸುರಿಯುತ್ತಿದ್ದರೆ, ಅಥವಾ ತುಂಡು ನೆಲಕ್ಕೆ ತಾಗುವಷ್ಟು ಉದ್ದವಿದ್ದರೆ, ಕುದಿಸಿ ಅಯೋಡಿನ್‌ನಲ್ಲಿ ನೆನೆಸಿದ ದಾರದಿಂದ ಹೊಟ್ಟೆಗೆ ಮೂರು ಬೆರಳು ಕೆಳಗೆ ಕಟ್ಟಿ, ಅದರ ಕೆಳಗೆ ಹೊಸ ಬ್ಲೇಡಿನಿಂದ ಕತ್ತರಿಸಿ. ಕುಡುಗೋಲು, ಕೊಟ್ಟಿಗೆಯ ಮೂಲೆಯಲ್ಲಿದ್ದ ಹಗ್ಗದ ಎಳೆ ಮುಟ್ಟಲೇಬೇಡಿ. ಅವುಗಳಿಂದ ಧನುರ್ವಾಯುವೂ ಬರಬಹುದು.

ಆಮೇಲೆ ಅದ್ದುವುದು. ಶೇ 7ರ ಟಿಂಚರ್ ಅಯೋಡಿನ್ ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಿ. ಅದು ರೋಗಾಣುವನ್ನೂ ಕೊಲ್ಲುತ್ತದೆ, ತುಂಡನ್ನೂ ಬೇಗ ಒಣಗಿಸುತ್ತದೆ. ಸಿಗದಿದ್ದಾಗ ಔಷಧಿ ಅಂಗಡಿಯ ಪೊವಿಡೋನ್ ಅಯೋಡಿನ್ ದ್ರಾವಣ ಆದೀತು, ಮುಲಾಮು ಬೇಡ. ಕೆಚ್ಚಲು ಬಾವು ತಡೆಯಲು ಮೊಲೆತೊಟ್ಟು ಅದ್ದುವ ದ್ರಾವಣ ನಿಮ್ಮಲ್ಲಿ ಹಲವರ ಮನೆಯಲ್ಲಿದೆ. ಅದರಲ್ಲಿ ಅಯೋಡಿನ್ ಬಹಳ ಕಡಿಮೆ, ಹೊಕ್ಕುಳಿಗೆ ಸಾಲದು. ಸಣ್ಣ ಲೋಟದ ಅರ್ಧಕ್ಕೆ ಔಷಧಿ ಹಾಕಿ, ತುಂಡು ಪೂರ್ತಿ ಅದರೊಳಗೆ ಮುಳುಗುವಂತೆ ಲೋಟವನ್ನು ಹೊಟ್ಟೆಯ ಚರ್ಮಕ್ಕೆ ಒತ್ತಿ ಹಿಡಿಯಿರಿ. ಅರ್ಧ ನಿಮಿಷ ಹಾಗೇ ಇರಲಿ. ಮೇಲಿನಿಂದ ನಾಲ್ಕು ಹನಿ ಚಿಮುಕಿಸಿದರೆ ಬುಡದ ಹಿಂಬದಿಗೆ ಔಷಧಿ ತಲುಪುವುದಿಲ್ಲ, ರೋಗಾಣು ಒಳಹೊಗುವುದೂ ಅಲ್ಲಿಂದಲೇ. ಮಿಕ್ಕ ಔಷಧಿಯನ್ನು ಬಾಟಲಿಗೆ ಮರಳಿ ಸುರಿಯದೆ ಚೆಲ್ಲಿಬಿಡಿ. ಹುಟ್ಟಿದ ಅರ್ಧ ಗಂಟೆಯೊಳಗೆ ಒಮ್ಮೆ, ಹನ್ನೆರಡು ಗಂಟೆಯ ಮೇಲೆ ಇನ್ನೊಮ್ಮೆ, ಆಮೇಲೆ ತುಂಡು ಒಣಗುವವರೆಗೆ ಮೂರು ನಾಲ್ಕು ದಿನ ದಿನಕ್ಕೊಮ್ಮೆ. ಕೆಲಸ ಇಷ್ಟೇ.

ಹೊಕ್ಕುಳಿಗೆ ಸಗಣಿ, ಬೂದಿ, ಮಣ್ಣು, ಹೊಗೆಸೊಪ್ಪಿನ ಪುಡಿ ಮೆತ್ತುವ ರೂಢಿ ಕೆಲವೆಡೆ ಇನ್ನೂ ಇದೆ. ಇದನ್ನು ಮಾಡುವವರು ಕರುವಿನ ಮೇಲಿನ ಅಕ್ಕರೆಯಿಂದಲೇ ಮಾಡುತ್ತಾರೆ ಎಂಬುದು ನನಗೆ ಗೊತ್ತು. ಆದರೂ ಹೇಳಲೇಬೇಕು, ಮಣ್ಣು ಸಗಣಿಗಳಲ್ಲೇ ಧನುರ್ವಾಯುವಿನ ರೋಗಾಣು ಇರುತ್ತದೆ. ಎಣ್ಣೆ ಅರಿಶಿನ ಹಚ್ಚಿದರೆ ಒಣಗಬೇಕಾದ ತುಂಡು ಹಸಿಯಾಗಿಯೇ ಉಳಿಯುತ್ತದೆ. ಹಸಿ ಹೊಕ್ಕುಳಿಗೆ ಅಯೋಡಿನ್ ಒಂದೇ ಸಾಕು.

ಅಯೋಡಿನ್ ಹೊರಗಿನ ಕಾವಲು ಮಾತ್ರ. ಒಳಗಿನ ಕಾವಲು ಗಿಣ್ಣು ಹಾಲು. ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲೇ ಒಂದಷ್ಟು ಸಿಕ್ಕಿರುತ್ತದೆ. ಕರುವಿಗೆ ಹಾಗಿಲ್ಲ. ಹಸುವಿನ ಸತ್ತೆಯ ರಚನೆಯೇ ಬೇರೆ, ರಕ್ತದ ಮೂಲಕ ಆ ಶಕ್ತಿ ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ, ಗಿಣ್ಣು ಕುಡಿದರಷ್ಟೇ ಅದಕ್ಕೆ ರಕ್ಷಣೆ. ಆ ರಕ್ಷಕ ಅಂಶಗಳನ್ನು ಹಾಗೇ ಹೀರಿಕೊಳ್ಳುವ ಗುಣ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತದೆ, ಗಂಟೆ ಗಂಟೆಗೂ ಕುಗ್ಗುತ್ತ 24 ಗಂಟೆಯ ಹೊತ್ತಿಗೆ ನಿಂತೇ ಹೋಗುತ್ತದೆ.

ಆದ್ದರಿಂದ "ಸತ್ತೆ ಬೀಳಲಿ, ಆಮೇಲೆ ಕುಡಿಸೋಣ" ಎಂದು ಕಾಯುವುದನ್ನು ನಿಲ್ಲಿಸಬೇಕು. ಗಿಣ್ಣು ಕುಡಿಸುವುದರಿಂದ ಸತ್ತೆ ಬೀಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕರು ಮೊಲೆ ಚೀಪಿದರೆ, ಹಾಲು ಕರೆದರೆ ಗರ್ಭಕೋಶ ಕುಗ್ಗಿ ಸತ್ತೆ ಬೀಳಲು ಅನುಕೂಲವೇ ಆಗುತ್ತದೆ. ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆಗೆ ಸೇರಲಿ. ಮೊದಲ ದಿನಕ್ಕೆ ಕರುವಿನ ತೂಕದ ಹತ್ತನೇ ಒಂದು ಭಾಗ, ಅಂದರೆ 30 ಕಿಲೋ ಕರುವಿಗೆ ಮೂರು ಲೀಟರ್ ಗಿಣ್ಣು ಬೇಕು. ನಮ್ಮ ಮನೆಗಳಲ್ಲಿ ಹಸು ಕರು ಹಾಕಿತೆಂದರೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಮಾಡಿ ನೆರೆಹೊರೆಗೆ ಹಂಚುತ್ತಾರೆ. ಹಂಚಿ, ಅದು ಒಳ್ಳೆಯ ಪದ್ಧತಿ. ಆದರೆ ಮೊದಲ ದಿನದ ದಪ್ಪ ಗಿಣ್ಣು ಕರುವಿನ ಪಾಲು. ಅದು ಹೊಟ್ಟೆ ತುಂಬ ಕುಡಿದ ಮೇಲೆ ಮಿಕ್ಕಿದ್ದು, ಎರಡನೇ ದಿನದ್ದು ಪಾತ್ರೆಗೆ ಬರಲಿ. ಹೇಗೂ ಮೊದಲ ದಿನಗಳ ಹಾಲನ್ನು ಡೈರಿ ತೆಗೆದುಕೊಳ್ಳುವುದಿಲ್ಲ. ಕರುವಿಗೆ ಕುಡಿಸಿದರೆ ನಿಮಗೆ ಒಂದು ರೂಪಾಯಿಯೂ ನಷ್ಟವಿಲ್ಲ.

ಮೂರನೆಯದು ಕರು ಮಲಗುವ ಜಾಗ. ಮಲೆನಾಡಿನ, ಕರಾವಳಿಯ ಸೊಪ್ಪಿನ ಕೊಟ್ಟಿಗೆಯಲ್ಲಿ ಮಳೆಗಾಲವಿಡೀ ಹಾಸು ಹಸಿಯಾಗಿರುತ್ತದೆ. ಬಯಲುಸೀಮೆಯಲ್ಲಿ ಸಿಮೆಂಟ್ ನೆಲದ ಶೆಡ್ಡಿನ ಗಂಜಲದ ಕಾಲುವೆಯ ಪಕ್ಕವೇ ಕರುವನ್ನು ಕಟ್ಟುತ್ತಾರೆ. ಎರಡೂ ಹೊಕ್ಕುಳಿಗೆ ಕೆಡುಕು. ಹಸು ಕರು ಹಾಕುವ ದಿನ ಹತ್ತಿರ ಬಂದಾಗಲೇ ಒಂದು ಮೂಲೆ ಗುಡಿಸಿ ತೊಳೆದು ಒಣಗಿಸಿ, ಮೇಲೆ ಒಣ ಭತ್ತದ ಹುಲ್ಲೋ ರಾಗಿ ಹುಲ್ಲೋ ಜೋಳದ ರವದಿಯೋ ದಪ್ಪಗೆ ಹಾಸಿ. ಹಾಸಿನ ಮೇಲೆ ನೀವೇ ಮಂಡಿಯೂರಿ ಅರ್ಧ ನಿಮಿಷ ಕುಳಿತು ಏಳಿ. ಬಟ್ಟೆ ಒದ್ದೆಯಾದರೆ ಅದು ಕರುವಿಗೆ ಲಾಯಕ್ಕಲ್ಲ. ಎರಡು ಮೂರು ಎಳೆಗರುಗಳನ್ನು ಒಟ್ಟಿಗೆ ಕಟ್ಟಬೇಡಿ. ಹಾಲು ಕುಡಿದ ಮೇಲೂ ಚೀಪುವ ಚಪಲ ತೀರದ ಕರು ಪಕ್ಕದ ಕರುವಿನ ಹೊಕ್ಕುಳನ್ನೇ ಚೀಪಿ ಹಸಿ ಮಾಡುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಾಟ, ಹುಳು. ಹಸಿ ಹೊಕ್ಕುಳಿನ ಮೇಲೆ ನೊಣ ಮೊಟ್ಟೆ ಇಟ್ಟು ಹೋದರೆ ಒಂದೆರಡು ದಿನದಲ್ಲಿ ಒಳಗೆ ಹುಳು ತುಂಬುತ್ತವೆ. ಬದುಕಿರುವ ಮಾಂಸವನ್ನೇ ತಿನ್ನುವ ಜಾತಿಯ ಹುಳುಗಳೂ ನಮ್ಮಲ್ಲಿವೆ. ಕರು ಪದೇ ಪದೇ ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ, ಹೊಕ್ಕುಳಿಂದ ರಕ್ತ ಬೆರೆತ ನೀರು ಇಳಿಯುತ್ತದೆ. ಸೀಮೆಎಣ್ಣೆ, ಫಿನಾಯಿಲ್, ಬೆಳೆಗೆ ಹೊಡೆಯುವ ವಿಷ ಸುರಿಯಬೇಡಿ. ಹುಳುವಿನ ಜೊತೆ ಮಾಂಸವೂ ಸುಡುತ್ತದೆ, ವಿಷ ರಕ್ತಕ್ಕೆ ಹೋಗುತ್ತದೆ. ಡಾಕ್ಟರು ಬರುವುದು ತಡವಾಗುವಂತಿದ್ದರೆ ಸೀತಾಫಲದ ಎಲೆ ಅರೆದು ಹಚ್ಚಿ, ಅಥವಾ ಕರ್ಪೂರ ಕರಗಿಸಿದ ಕೊಬ್ಬರಿ ಎಣ್ಣೆ ಬಿಡಿ. ಹುಳು ಬಿದ್ದ ಗಾಯಕ್ಕೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಹೇಳುವ ಮದ್ದು ಇದು. ಹುಳುಗಳನ್ನು ಒಂದೂ ಬಿಡದೆ ತೆಗೆದು, ಗಾಯ ಎಷ್ಟು ಆಳ ಎಂದು ನೋಡುವುದನ್ನು ನಮಗೆ ಬಿಡಿ.

ಹೊಕ್ಕುಳು ಊದಿದ್ದೆಲ್ಲ ಕೀವಲ್ಲ ಎಂಬ ಮಾತನ್ನು ಬಹಳ ಒತ್ತಿ ಹೇಳುತ್ತೇನೆ. ಹೊಟ್ಟೆಯ ಗೋಡೆಯಲ್ಲಿ ಹೊಕ್ಕುಳಿನ ಕಂಡಿ ಸರಿಯಾಗಿ ಮುಚ್ಚಿಕೊಳ್ಳದೆ ಕರುಳೋ ಕೊಬ್ಬಿನ ಪೊರೆಯೋ ಅದರ ಮೂಲಕ ಚರ್ಮದಡಿಗೆ ಇಳಿದರೆ ಅದು ಹರ್ನಿಯಾ. ಎಚ್‌ಎಫ್ ತಳಿಯ ಕರುಗಳಲ್ಲಿ ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ. ಊತ ಮೆತ್ತಗಿದ್ದು, ಬಿಸಿಯಿಲ್ಲದೆ, ನೋವಿಲ್ಲದೆ, ಕರುವನ್ನು ಅಂಗಾತ ಮಲಗಿಸಿ ಮೆಲ್ಲನೆ ಒತ್ತಿದಾಗ ಒಳಗೆ ಹೋಗಿಬಿಟ್ಟರೆ, ಚರ್ಮದಡಿಯಲ್ಲಿ ಬೆರಳಿಗೆ ಗುಂಡನೆಯ ಕಂಡಿ ಸಿಕ್ಕರೆ ಹರ್ನಿಯಾ ಇರಬಹುದು. ಗಟ್ಟಿಯಾಗಿ, ಬಿಸಿಯಾಗಿ, ನೋವಿನಿಂದ ಕೂಡಿ, ಒತ್ತಿದರೂ ಒಳಹೋಗದಿದ್ದರೆ ಕೀವಿರಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ ಹೊಕ್ಕುಳಿನ ಊತಕ್ಕೆ ಯಾರೂ ಬ್ಲೇಡು ಹಾಕಬಾರದು, ಕಾದ ಸೂಜಿ ಚುಚ್ಚಬಾರದು. ಕೀವು ಎಂದು ಕೊಯ್ದ ಜಾಗದಿಂದ ಕರುಳು ಹೊರಬಂದರೆ ಕರುವನ್ನು ಉಳಿಸುವುದು ದುಸ್ತರ.

ಎರಡು ಬೆರಳು ಹಿಡಿಸುವಷ್ಟು ಚಿಕ್ಕ ಕಂಡಿ ಕರು ಬೆಳೆದಂತೆ ತಾನೇ ಮುಚ್ಚಿಕೊಳ್ಳಬಹುದು. ದೊಡ್ಡದಾದರೆ, ಮೂರು ನಾಲ್ಕು ತಿಂಗಳಾದರೂ ಮುಚ್ಚದಿದ್ದರೆ ಶಸ್ತ್ರಚಿಕಿತ್ಸೆ ಬೇಕು. ಅದು ಭಯಪಡುವಂಥದ್ದಲ್ಲ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಇಂಥ ಶಸ್ತ್ರಚಿಕಿತ್ಸೆ ಹೊಸದೇನಲ್ಲ. ಮೆತ್ತಗಿದ್ದ ಊತ ಇದ್ದಕ್ಕಿದ್ದಂತೆ ಗಟ್ಟಿಯಾಗಿ, ಕರು ಒದ್ದಾಡಿ ಮೇವು ಬಿಟ್ಟರೆ ಕರುಳು ಸಿಕ್ಕಿಹಾಕಿಕೊಂಡಿದೆ ಎಂದೇ ತಿಳಿದು ಅದೇ ಗಳಿಗೆ ಹೊರಡಿ. ಹರ್ನಿಯಾ ಇದ್ದ ಹೋರಿಕರುವನ್ನು ಬೀಜದ ಹೋರಿಯಾಗಿ ಬೆಳೆಸಬೇಡಿ.

ಬಾವು ಬಂದೇ ಬಿಟ್ಟರೆ ಚಿಕಿತ್ಸೆ ಇದೆ, ಆದರೆ ಅದು ಉದ್ದದ ಚಿಕಿತ್ಸೆ. ಆ್ಯಂಟಿಬಯೋಟಿಕ್ಕನ್ನು ಹಲವು ದಿನ ಬಿಡದೆ ಕೊಡಬೇಕಾಗುತ್ತದೆ. ಎರಡು ಸೂಜಿ ಬಿದ್ದ ಕೂಡಲೇ ಕರು ಹಾಲು ಕುಡಿಯಿತೆಂದು ಮೂರನೆಯದನ್ನು ಬಿಡುವವರೇ ಹೆಚ್ಚು. ವಾರ ಕಳೆದು ಅದೇ ಕರು ಕೀಲು ಊದಿಸಿಕೊಂಡು ಬರುತ್ತದೆ, ಆಗ ಔಷಧಿಯೂ ಸರಿಯಾಗಿ ನಾಟುವುದಿಲ್ಲ. ಅಂಗಡಿಯಿಂದ ತಂದು ಯಾರೋ ಚುಚ್ಚುವ ಅಂದಾಜಿನ ಇಂಜೆಕ್ಷನ್ನಿನಿಂದ ಆಗುವ ಹಾನಿಯೂ ಇದೇ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಇದೆ.

ಗಂಡುಕರುವಿನ ಬಗ್ಗೆಯೂ ಎರಡು ಮಾತು ಆಡದೆ ಇರಲಾರೆ. ಹೆಣ್ಣುಕರುವಾದರೆ ಗಿಣ್ಣು, ಔಷಧಿ, ಒಣ ಹಾಸು ಎಲ್ಲ ಇದೆ. ಗಂಡಾದರೆ ಹೊಕ್ಕುಳು ಕೊಳೆತರೂ ಕೇಳುವವರಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಹೋರಿ ಸಾಕುವುದು ರೈತನಿಗೆ ಭಾರ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನೋವು ಎರಡಕ್ಕೂ ಒಂದೇ. ಅರ್ಧ ನಿಮಿಷದ ಕೆಲಸದಿಂದ ತಪ್ಪಿಸಬಹುದಾದ ನರಳಾಟವನ್ನು ಗಂಡು ಎಂಬ ಕಾರಣಕ್ಕೆ ಅನುಭವಿಸಲು ಬಿಡುವುದು ನಮ್ಮ ಹಟ್ಟಿಗಳಿಗೆ ಒಪ್ಪುವ ನಡತೆಯಲ್ಲ. ಒಂದು ಕೊಟ್ಟಿಗೆಯಲ್ಲಿ ಒಂದು ಕರುವಿಗೆ ಬಂದ ಸೋಂಕು ಮುಂದಿನ ಕರುವಿಗೂ ಕಾದಿರುತ್ತದೆ ಎಂಬುದನ್ನೂ ಮರೆಯಬೇಡಿ.

ಇಷ್ಟನ್ನೂ ನಾನು ಒಬ್ಬೊಬ್ಬ ರೈತರಿಗೆ ಹೇಳುತ್ತಲೇ ಬಂದಿದ್ದೇನೆ. ಈಗ ಸಂಘಗಳಿಗೆ ಬರೆಯುತ್ತಿರುವುದಕ್ಕೆ ಕಾರಣವಿದೆ. 1974ರಲ್ಲಿ ರಾಜ್ಯದಲ್ಲಿ ಡೇರಿ ಅಭಿವೃದ್ಧಿ ನಿಗಮ ಬಂದು, 1984ರಲ್ಲಿ ಅದೇ ಹಾಲು ಮಹಾಮಂಡಳವಾದ ಈ ಐದು ದಶಕಗಳಲ್ಲಿ ಹಳ್ಳಿಯ ಸಂಘ ಎಂಥ ಕೆಲಸ ಮಾಡಬಲ್ಲದೆಂದು ನಾವು ನೋಡಿದ್ದೇವೆ. ಕೃತಕ ಗರ್ಭಧಾರಣೆಯನ್ನು ಅನುಮಾನದಿಂದ ನೋಡುತ್ತಿದ್ದ ಕೇರಿಗಳಲ್ಲಿ ಅದನ್ನು ರೂಢಿಗೆ ತಂದದ್ದು, ಕಾಲುಬಾಯಿ ಜ್ವರದ ಲಸಿಕೆಯ ದಿನ ಊರಿನ ದನಗಳನ್ನೆಲ್ಲ ಒಂದೆಡೆ ಸೇರಿಸುವುದು, ಖನಿಜ ಮಿಶ್ರಣದ ಚೀಲವನ್ನು ಮನೆಮನೆಗೆ ಮುಟ್ಟಿಸುವುದು ಎಲ್ಲ ಸಂಘದ ಕೈಯಿಂದಲೇ ಆದದ್ದು. ಅದಕ್ಕೆ ಹೋಲಿಸಿದರೆ ನಾನು ಕೇಳುತ್ತಿರುವುದು ತೀರ ಸಣ್ಣದು. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ನಾಲ್ಕು ವಿಷಯಗಳನ್ನು ನಿರ್ಣಯವಾಗಿ ಬರೆದುಕೊಳ್ಳಿ:

1. ಹಸು ಎಂಟು ತಿಂಗಳ ಗಬ್ಬವಾದ ಕೂಡಲೇ ಆ ಸದಸ್ಯರಿಗೆ ಟಿಂಚರ್ ಅಯೋಡಿನ್‌ನ ಒಂದು ಸಣ್ಣ ಬಾಟಲಿ, ಅದ್ದಲು ಒಂದು ಲೋಟ, ಸ್ವಚ್ಛ ದಾರ ಮತ್ತು ಹೊಸ ಬ್ಲೇಡು ಸಂಘದಿಂದ ಕೊಡುವುದು. ಗರ್ಭಧಾರಣೆಯ ತಾರೀಕು ನಿಮ್ಮ ಪುಸ್ತಕದಲ್ಲೇ ಇರುವುದರಿಂದ ಯಾರಿಗೆ ಯಾವಾಗ ಕೊಡಬೇಕೆಂದು ಹುಡುಕಬೇಕಾಗಿಲ್ಲ.

2. ಕರುಗಳಿಗೆ ಪ್ರತ್ಯೇಕ ಪುಸ್ತಕ ಇಡುವುದು. ಹುಟ್ಟಿದ ದಿನ, ಹೊಕ್ಕುಳು ಅದ್ದಿದ ಹೊತ್ತು, ಮೊದಲ ಗಿಣ್ಣು ಕುಡಿದ ಹೊತ್ತು, ಹತ್ತನೇ ದಿನ ಹೊಕ್ಕುಳು ಹೇಗಿತ್ತು, ಮೂರು ತಿಂಗಳಿಗೆ ಕರು ಇದೆಯೋ ಇಲ್ಲವೋ.

3. ಹಾಲು ಪರೀಕ್ಷಕರಿಗೆ, ಗರ್ಭಧಾರಣೆ ಕಾರ್ಯಕರ್ತರಿಗೆ, ಮನೆಯಲ್ಲಿ ನಿಜವಾಗಿ ಕರು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಹತ್ತಿರದ ಪಶು ಆಸ್ಪತ್ರೆಯ ಡಾಕ್ಟರಿಂದ ಹೊಕ್ಕುಳು ನೋಡುವುದನ್ನೂ ಅದ್ದುವುದನ್ನೂ ಕರುವಿನ ಮೇಲೆಯೇ ಮಾಡಿ ತೋರಿಸುವುದು. ಸಭೆಗೆ ಗಂಡಸರು ಮಾತ್ರ ಬಂದು ಕೇಳಿ ಹೋದರೆ ಕೊಟ್ಟಿಗೆಯಲ್ಲಿ ಏನೂ ಬದಲಾಗುವುದಿಲ್ಲ.

4. ವರ್ಷದ ಸರ್ವಸದಸ್ಯರ ಸಭೆಯಲ್ಲಿ ಲಾಭ, ಬೋನಸ್ ಓದುವಾಗಲೇ ಆ ವರ್ಷ ಹುಟ್ಟಿದ ಕರು ಎಷ್ಟು, ಮೂರು ತಿಂಗಳು ದಾಟಿದ್ದು ಎಷ್ಟು ಎಂಬುದನ್ನೂ ಓದುವುದು.

ಇದರಲ್ಲಿ ನಾಲ್ಕನೆಯದೇ ಮುಖ್ಯ ಎಂದು ನನ್ನ ನಂಬಿಕೆ. ಸಭೆಯಲ್ಲಿ ಓದಿದ ಅಂಕಿಯನ್ನು ಜನ ಪ್ರಶ್ನಿಸುತ್ತಾರೆ, ಪ್ರಶ್ನೆ ಬಂದದ್ದು ಸುಧಾರಿಸುತ್ತದೆ. ಹಾಲಿನ ಗುಣಮಟ್ಟ ಸುಧಾರಿಸಿದ್ದೂ ಹಾಗೆಯೇ. ಇವತ್ತು ಹುಟ್ಟಿದ ಹೆಣ್ಣುಕರು ಚೆನ್ನಾಗಿ ಬೆಳೆದರೆ ಸುಮಾರು ಎರಡೂವರೆ ವರ್ಷಕ್ಕೆ ತಾನೇ ಕರು ಹಾಕಿ ನಿಮ್ಮ ಡೈರಿಗೆ ಹಾಲು ಕೊಡುತ್ತದೆ. ಅದು ಹೊಕ್ಕುಳು ಕೊಳೆತು ಸತ್ತರೆ ಆ ಮನೆಯವರು ಸಾಲ ಮಾಡಿ ಸಂತೆಯಲ್ಲಿ ಹಸು ಕೊಳ್ಳಬೇಕಾಗುತ್ತದೆ. ಆ ಸಾಲದ ಕಂತು ಕಡಿತವಾಗುವುದೂ ನಿಮ್ಮ ಬಟವಾಡೆಯಲ್ಲೇ.

ಈ ಪತ್ರವನ್ನು ನೋಟಿಸ್ ಬೋರ್ಡಿಗೆ ಅಂಟಿಸಿ ಬಿಡಬೇಡಿ, ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಒಪ್ಪಿಗೆಯಾಗದ ಮಾತಿದ್ದರೆ ನಿಮ್ಮ ಊರಿನ ಪಶುವೈದ್ಯರನ್ನು ಕರೆಸಿ ಎದುರಿಗೇ ಕೇಳಿ. ಒಪ್ಪಿಗೆಯಾದರೆ ಈ ತಿಂಗಳು ಕರು ಹಾಕಲಿರುವ ಹಸುಗಳ ಪಟ್ಟಿ ಮಾಡಿ, ಅಷ್ಟು ಬಾಟಲಿ ತರಿಸಿ.

ನಿಮ್ಮ ವಿಶ್ವಾಸಿ,
ಒಬ್ಬ ಪಶುವೈದ್ಯೆ